ಬೆರಕೆಯಾದರೇನು, ಅಂಕಿತ ಇರಲಿ

ಹಳೆಯ ಪದಗಳಿಗೆ ಗಿಟಾರು, ಡ್ರಮ್ಮು ಸೇರಿಸಿ ಹಾಡುವ ಹುಡುಗರನ್ನು ಕಂಡರೆ ಭಜನೆ ಮೇಳದ ಹಿರಿಯರಿಗೆ ಅಷ್ಟಾಗಿ ರುಚಿಸುವುದಿಲ್ಲ. 'ಪದವನ್ನೇ ಕೆಡಿಸಿಬಿಟ್ಟರು' ಎನ್ನುತ್ತಾರೆ. ಪಂಚನಹಳ್ಳಿಯಾಗಲಿ ಅಜ್ಜಂಪುರವಾಗಲಿ, ಈ ಮಾತು ಕೇಳದ ಊರಿಲ್ಲ. ಆದರೆ ಅದೇ ಮೇಳದ ನಡುವೆ ಕೂತಿರುವ ಹಾರ್ಮೋನಿಯಂ ಯಾವ ಊರಿನದು? 19ನೇ ಶತಮಾನದಲ್ಲಿ ಯುರೋಪಿನಿಂದ ಬಂದ ವಾದ್ಯ ಅದು. ಅದನ್ನು ಬದಿಗಿಟ್ಟು ಭಜನೆ ಶುರುಮಾಡಿ ಎಂದರೆ ಇವತ್ತು ಯಾರು ಒಪ್ಪುತ್ತಾರೆ?

ವಾದ್ಯದಲ್ಲಷ್ಟೇ ಅಲ್ಲ, ಪದಗಳಲ್ಲೂ ಬೆರಕೆ ಹಳೆಯದೇ. ಬೀರೂರಿನಲ್ಲಿ ಹುಬ್ಬಳ್ಳಿ ರೈಲು ಹತ್ತಿದರೆ ಅಜ್ಜಂಪುರ, ದಾವಣಗೆರೆ ದಾಟಿ ಹಾವೇರಿ ಸಿಗುತ್ತದೆ. ಆ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರು ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿ, ಅದನ್ನು ಬಿಟ್ಟು ಪದ ಕಟ್ಟುತ್ತ ತಿರುಗಿದವರು. ಅವರ ಗುರು ಕಳಸದ ಗೋವಿಂದಭಟ್ಟರು. ಹೊರನಾಡಿನ ಪಕ್ಕದ ನಮ್ಮ ಕಳಸವೆಂದು ತಿಳಿಯಬೇಡಿ. ಇದು ಕುಂದಗೋಳ ತಾಲ್ಲೂಕಿನ ಕಳಸ. ಮುಸ್ಲಿಂ ಮನೆಯ ಶಿಷ್ಯ, ಬ್ರಾಹ್ಮಣ ಗುರು. ಮೊಹರಮ್ಮಿಗೆ ರಿವಾಯತ್ ಬರೆದ ಕೈಯೇ ತತ್ವಪದವನ್ನೂ ಬರೆಯಿತು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಏನು ಕಂಡರೂ ಅದರಲ್ಲೇ ವೇದಾಂತ ಹೇಳಿದರು. ಕೈಹಿಡಿದು ನಡೆಸುವ ಅರಮನೆಯಾಗಲಿ ಆಸ್ಥಾನವಾಗಲಿ ಅವರಿಗಿರಲಿಲ್ಲ. 1889ರಲ್ಲಿ ಅವರು ತೀರಿಕೊಂಡ ಮೇಲೆ ಪದಗಳನ್ನು ಉಳಿಸಿದ್ದು ಹಾಡುವ ಜನ.

ನೂರು ವರ್ಷದ ನಂತರ ಸಿ. ಅಶ್ವಥ್ ತಮ್ಮದೇ ಧಾಟಿಯಲ್ಲಿ ಅವುಗಳನ್ನು ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ತೆರೆಗೆ ಬಂತು. 2008ರಲ್ಲಿ ಮೈಸೂರಿನ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರ ಗುಡುಗುಡಿಗೆ ಗಿಟಾರು, ಪಿಟೀಲು ಜೋಡಿಸಿದರು. ಕನ್ನಡ ಬಾರದವರೂ ತಲೆದೂಗಿದರು. ಒಬ್ಬೊಬ್ಬರದು ಒಂದೊಂದು ಧಾಟಿ. ಆದರೂ ಪದ ಷರೀಫರದಾಗಿಯೇ ಉಳಿದಿದೆ. ಕೊನೆಗೆ 'ಶಿಶುನಾಳಧೀಶ' ಎಂಬ ಅಂಕಿತ ಬಂದೇ ಬರುತ್ತದಲ್ಲ! ರಾಗ ಬದಲಾಗಬಹುದು, ತಾಳ ಬದಲಾಗಬಹುದು, ಅಂಕಿತವನ್ನು ನುಂಗಿ ಹಾಡಿದರೆ ಕೇಳುವವರೇ ಹಿಡಿಯುತ್ತಾರೆ.

ಭೂಮಿಯ ಉತ್ತರದ ತುದಿಯಲ್ಲೂ ಇಂಥದೊಂದು ಕಥೆ ಇದೆ. ನಾರ್ವೆಯ ಉತ್ತರ ಭಾಗದಲ್ಲಿ, ಹಿಮಸಾರಂಗ ಸಾಕುವ ಸಾಮಿ ಜನರ ನಡುವೆ 1956ರಲ್ಲಿ ಮಾರಿ ಬೋಯ್ನೆ ಹುಟ್ಟಿದರು. ಸಾಮಿಗಳ ಹಾಡಿಗೆ 'ಯೋಯಿಕ್' ಎಂದು ಹೆಸರು. ಅದನ್ನು ಹಾಡುವುದು ಪಾಪವೆಂದು ನಂಬಿದ್ದ ಕಟ್ಟುನಿಟ್ಟಿನ ಕ್ರೈಸ್ತ ಪರಿಸರದಲ್ಲಿ ಅವರು ಬೆಳೆದರು. ದೊಡ್ಡವರಾದ ಮೇಲೆ ಯೋಯಿಕ್‌ಗೆ ರಾಕ್, ಜಾಝ್ ಬೆರೆಸಿ 1989ರಲ್ಲಿ 'ಗುಲಾ ಗುಲಾ' ಆಲ್ಬಂ ತಂದರು. ಅದು ಜಗತ್ತನ್ನು ಸುತ್ತಿತು. ಎಲ್ಲಿ ಹೋದರೂ ಇದು ಸಾಮಿಗಳ ಹಾಡು ಎಂದು ಹೇಳಿಕೊಂಡೇ ಹಾಡಿದರು. ಬೆರಕೆಯಿಂದ ಯೋಯಿಕ್ ಕೆಡಲಿಲ್ಲ, ಅದಕ್ಕೆ ಮತ್ತೆ ಮರ್ಯಾದೆ ಬಂತು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಸೋಬಾನೆ, ಬೀಸುವ ಪದ, ಕೋಲಾಟದ ಪದಗಳಿಗೆ ಅಂಕಿತವೇ ಇಲ್ಲ. ಕಟ್ಟಿದವರು ಹೆಸರು ಹಾಕಿಕೊಳ್ಳಲಿಲ್ಲ. ಫೋನಿನಲ್ಲಿ ಹಿಡಿದ ಇಂಥ ಹಾಡು ಬೆಂಗಳೂರಿನ ಸ್ಟುಡಿಯೋ ಸೇರಿ, ಬೀಟ್ ಹಾಕಿಸಿಕೊಂಡು ಹೊರಬರುವಷ್ಟರಲ್ಲಿ 'ಜಾನಪದ' ಎಂಬ ಒಂದೇ ಹಣೆಪಟ್ಟಿ ಉಳಿದಿರುತ್ತದೆ. ಹಾಡಿಕೊಟ್ಟ ಅಜ್ಜಿಗೆ ಅದು ಹೊರಬಂದ ಸುದ್ದಿಯೂ ಮುಟ್ಟದೆ ಹೋಗಬಹುದು. ಹಿರಿಯರು ಸಿಟ್ಟಾಗಬೇಕಾದದ್ದು ಗಿಟಾರಿನ ಮೇಲಲ್ಲ, ಈ ಮರೆವಿನ ಮೇಲೆ.

ಆದ್ದರಿಂದ ಹಾಡು ಕಟ್ಟುವ ಹುಡುಗ ಹುಡುಗಿಯರೇ, ಧಾರಾಳವಾಗಿ ಬೆರೆಸಿ. ಆದರೆ ಯಾರು ಹಾಡಿಕೊಟ್ಟರು, ಯಾವ ಊರಿನವರು ಎಂಬುದನ್ನು ಅವರ ಒಪ್ಪಿಗೆ ಪಡೆದು ಮೊದಲೇ ಹಾಕಿ. ನಾಲ್ಕು ಕಾಸು ಬಂದರೆ ಅವರ ಪಾಲನ್ನು ಅವರಿಗೆ ಮುಟ್ಟಿಸಿ. ಅಂಕಿತವಿಲ್ಲದ ಹಾಡಿಗೆ ಅಂಕಿತ ಹಾಕುವ ಹೊಣೆ ನಿಮ್ಮದು.