ಹಿರಿಯರ ಹೆಸರುಗಳನ್ನು ಬರೆದಿಡುವ ವಿಷಯವಾಗಿ

ಸುಗ್ಗಿ ಮುಗಿದು ರಾಗಿಯು ಮನೆ ಸೇರಿದ ಮೇಲೆ ಹೆಳವನು ಹಳ್ಳಿಗೆ ಬರುವದನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ನೋಡಿರುವರು. ಅವನು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಗಂಟೆಯ ಶಬ್ದದೊಡನೆ ಬೀದಿಗೆ ಬರುವನು. ಒಂದೊಂದು ಮನೆಯ ಮುಂದೆ ನಿಂತು, ಆ ಮನೆಯ ಮೂಲಪುರುಷನು ಯಾರು, ಅವನು ಯಾವ ಊರನ್ನು ಬಿಟ್ಟು ಯಾವ ಊರಿಗೆ ಬಂದನು, ಅವನಿಗೆ ಮಕ್ಕಳು ಎಷ್ಟು ಮಂದಿ, ಅವರಲ್ಲಿ ಯಾರ ಸಂತತಿಯು ಎಲ್ಲಿ ನೆಲಸಿತು, ಬೆಡಗು ಯಾವದು, ಯುದ್ಧದಲ್ಲಿ ಮಡಿದವರು ಯಾರು ಎಂಬದನ್ನೆಲ್ಲಾ ತಡೆಯಿಲ್ಲದೆ ಹೇಳುವನು. ಮನೆಯ ಯಜಮಾನನು ತನ್ನ ತಾತನ ತಂದೆಯ ಹೆಸರನ್ನು ಪರಸ್ಥಳದವನ ಬಾಯಿಂದ ಕೇಳಿ ತಲೆದೂಗುವನು. ಆ ವರುಷ ಹುಟ್ಟಿದ ಮಗುವಿನ ಹೆಸರನ್ನು ಹೆಳವನು ಕೇಳಿ ತನ್ನ ಪುಸ್ತಕದಲ್ಲಿ ಸೇರಿಸಿಕೊಂಡು, ಮೊರದಲ್ಲಿ ಕಾಳನ್ನು ಪಡೆದು ಮುಂದಿನ ಮನೆಗೆ ಹೋಗುವನು.

ಹೆಳವ ಎಂದರೆ ಕುಂಟನೆಂದು ಅರ್ಥ. 1909ರಲ್ಲಿ ದಕ್ಷಿಣ ಹಿಂದೂಸ್ಥಾನದ ಜಾತಿಗಳ ವಿಷಯವಾಗಿ ಏಳು ಸಂಪುಟಗಳನ್ನು ಪ್ರಕಟಿಸಿದ ಥರ್ಸ್ಟನ್ ಎಂಬವರು, ಬಳ್ಳಾರಿ ಮತ್ತು ಮೈಸೂರು ಸೀಮೆಗಳಲ್ಲಿ ಹಳ್ಳಿಗಳ ಚರಿತ್ರೆಯನ್ನು ಕಾಯುವವರು ಇವರೇ ಎಂದು ಗುರುತಿಸಿರುತ್ತಾರೆ. ಕಾಲಿಲ್ಲದವನು ಎಲ್ಲರ ನಡಿಗೆಯ ಲೆಕ್ಕವನ್ನು ಇಟ್ಟನೆಂಬದು ಆಲೋಚಿಸತಕ್ಕ ಸಂಗತಿಯೇ ಸರಿ. ಮೊದಲು ನೆನಪಿನಲ್ಲಿಯೂ ಓಲೆಗರಿ ತಾಮ್ರದ ಹಾಳೆಗಳಲ್ಲಿಯೂ ಇದ್ದ ಈ ವಂಶಾವಳಿಗಳು ತರುವಾಯ ಕಾಗದದ ದಪ್ಪ ಪುಸ್ತಕಗಳಿಗೆ ಬಂದವು. ಈಗ ಎತ್ತನ್ನು ಬಿಟ್ಟು ಬಸ್ಸಿನಲ್ಲಿ ಬರುವವರೂ ಉಂಟು; ಅವರ ಮಕ್ಕಳಲ್ಲಿ ಅನೇಕರು ಶಾಲೆ ಕಲಿತು ಬೇರೆ ಕೆಲಸಗಳಿಗೆ ಹೋಗುತ್ತಿದ್ದಾರೆ. ಅದಕ್ಕಾಗಿ ಅವರನ್ನು ದೂರುವದು ಯುಕ್ತವಲ್ಲ. ನಮ್ಮ ತಾತಂದಿರ ಹೆಸರನ್ನು ಹೊತ್ತು ಮಳೆಬಿಸಿಲಲ್ಲಿ ತಿರುಗುವದು ಅವರ ಮಕ್ಕಳ ತಲೆಯ ಮೇಲಿನ ಸಾಲವೇನೂ ಅಲ್ಲವಲ್ಲ.

ಹೀಗಿರಲಾಗಿ ನಮ್ಮ ಸಭೆಗಳ ಕುಟುಂಬಗಳ ಸ್ಥಿತಿ ಏನು? ಹೆಳವನು ನಮ್ಮ ಮನೆಯ ಮುಂದೆ ನಿಲ್ಲುವದಿಲ್ಲ. ನಮ್ಮ ಹಿರಿಯರಲ್ಲಿ ಕೆಲವರು ಹಳೆಯ ಮನೆಯನ್ನು ಬಿಟ್ಟುಬಂದ ದಿನವೇ ಅವನ ಪುಸ್ತಕದಲ್ಲಿ ಅವರ ಕವಲು ನಿಂತುಹೋಯಿತು. ಇನ್ನು ಕೆಲವರಿಗೆ ಹೆಳವನು ಮೊದಲೇ ಇರಲಿಲ್ಲ. ಯಾಕಂದರೆ ಕಣದಲ್ಲಿ ಕಾಳನ್ನು ಅಳೆದು ಕೊಡುವವನ ವಂಶವನ್ನು ಹೇಳುವದು ಆ ವೃತ್ತಿಯ ಸ್ವಭಾವ, ಕಣವೇ ಇಲ್ಲದ ಕೂಲಿಯವನ ವಂಶವನ್ನು ಹೇಳಿದರೆ ಕೊಡುವವರು ಯಾರು? ನಾವು ಒಂದು ಭಾನುವಾರ ಆರಾಧನೆಯಾದ ಮೇಲೆ ಮರದ ನೆರಳಲ್ಲಿ ಕುಳಿತಿದ್ದ ಯೌವನಸ್ಥರನ್ನು, ನಿಮ್ಮ ತಂದೆತಾಯಿಗಳ ಅಜ್ಜಿಯರು ನಾಲ್ಕು ಮಂದಿಯಲ್ಲವೇ, ಅವರ ಹೆಸರು ಹೇಳಿರಿ ಎಂದು ಕೇಳಿದೆವು. ಇಬ್ಬರು ಒಂದೊಂದು ಹೆಸರನ್ನು ಹೇಳಿದರು. ಉಳಿದವರು ನಕ್ಕರು. ಆಮೇಲೆ ಅವರಲ್ಲೊಬ್ಬನು, ಅಯ್ಯನವರೇ, ನಿಮ್ಮ ನಾಲ್ವರ ಹೆಸರು ಹೇಳಿರಿ ಎಂದನು. ನಾವು ಎರಡಕ್ಕೇ ನಿಂತೆವು.

ಆ ಯೌವನಸ್ಥರು ಕುಳಿತಿದ್ದ ಸ್ಥಳವು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿಗೆ ಬಹಳ ದೂರವಲ್ಲ. ಕಾವಲ್ ಎಂದರೆ ದನಗಳ ಮೇವಿಗೋಸ್ಕರ ಕಾದಿರಿಸಿದ ಹುಲ್ಲುನೆಲವೆಂದು ಈಗಿನ ಮಕ್ಕಳಿಗೆ ಹೇಳಬೇಕಾಗಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ದನಗಳ ಇಲಾಖೆಗೆ ಇಂಥ ಕಾವಲುಗಳು ರಾಜ್ಯದ ನಾನಾ ಕಡೆ ಇದ್ದವು. ಆ ಪ್ರಸಿದ್ಧ ತಳಿಯು ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಮೂಲಗಳಿಂದ ಬಂದದ್ದೆಂದು ಪುಸ್ತಕಗಳು ಹೇಳುತ್ತವೆ. ಹಾಗಲವಾಡಿಯು ನಮ್ಮ ಗುಬ್ಬಿ ತಾಲ್ಲೂಕಿನಲ್ಲಿಯೇ ಇದೆ. ಇದನ್ನು ಓದಿದಾಗ ನಮಗೆ ನಗುವೂ ವ್ಯಥೆಯೂ ಒಟ್ಟಿಗೆ ಬಂದವು. ಎತ್ತಿನ ವಂಶವು ಇನ್ನೂರು ಮುನ್ನೂರು ವರುಷಗಳ ಹಿಂದಕ್ಕೆ ತಿಳಿದಿದೆ, ಅದರ ಹಗ್ಗವನ್ನು ಹಿಡಿದು ನಡೆದವನ ತಂದೆಯ ಹೆಸರೂ ತಿಳಿಯದು. ಈಗ ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯವರ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. 2016ನೇ ಇಸವಿ ಜನವರಿ 3ರಲ್ಲಿ ಅದಕ್ಕೆ ಅಸ್ತಿವಾರವನ್ನು ಹಾಕಿದರು; 2023ನೇ ಇಸವಿ ಫೆಬ್ರವರಿ 6ರಲ್ಲಿ ಅದರ ಪ್ರಾರಂಭವಾಯಿತು. ದನ ಮೇಯುತ್ತಿದ್ದ ನೆಲದ ಮೇಲೆ ಯಂತ್ರವು ಆಕಾಶಕ್ಕೇಳುವ ಕಾಲವು ಬಂದಾಗ, ಇಲ್ಲಿ ಮೊದಲು ಯಾರು ಏನು ಮಾಡಿಕೊಂಡಿದ್ದರೆಂದು ಹೇಳುವ ಮುದುಕರನ್ನು ಬೇಗ ಹುಡುಕಿ ಕೇಳಬೇಕಲ್ಲವೇ?

ಆದರೆ ಈ ಕೆಲಸವು ಒಳ್ಳೆಯದೋ ಎಂದು ಮೊದಲು ವಿಚಾರಿಸತಕ್ಕದ್ದು. ವಂಶದ ಮಾತು ನಮ್ಮ ದೇಶದಲ್ಲಿ ನಿರ್ದೋಷವಾದ ಮಾತಲ್ಲ. ಯಾರ ಮಗನು ಎಂಬ ಪ್ರಶ್ನೆಯಿಂದಲೇ ಬಾವಿಯ ನೀರನ್ನು ಕೊಡದೆ ಹೋದರು, ಬೀದಿಯಲ್ಲಿ ನಡೆಯಗೊಡದೆ ಹೋದರು. ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವದಕ್ಕೆ ಬಂದವರ ಮಕ್ಕಳು ನಾವಾಗಿರಲಾಗಿ, ಅದೇ ಪ್ರಶ್ನೆಯನ್ನು ನಾವೇ ಪುನಃ ಎತ್ತಬೇಕೇ? ಕೊನೆಯಿಲ್ಲದ ವಂಶಾವಳಿಗಳಿಗೆ ಲಕ್ಷ್ಯ ಕೊಡಬಾರದೆಂದು ಅಪೊಸ್ತಲನೂ ತಿಮೊಥೆಯನಿಗೆ ಬರೆದಿರುವನೆಂದು ಒಬ್ಬ ಉಪದೇಶಿಯವರು ನಮಗೆ ನೆನಪು ಮಾಡಿದರು. ನಿಜವೇ. ಆದಾಗ್ಯೂ ಅದೇ ಗ್ರಂಥದ ಹೊಸ ಒಡಂಬಡಿಕೆಯು ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅದರಲ್ಲಿ ತಾಮಾರಳ ಹೆಸರನ್ನೂ ರಾಹಾಬಳ ಹೆಸರನ್ನೂ ಬಿಟ್ಟಿಲ್ಲ. ಇವುಗಳನ್ನು ಬರೆದವನು ಕಾಳಿಗಾಗಿ ಬರೆದವನಾಗಿದ್ದರೆ ನಿಶ್ಚಯವಾಗಿ ಬಿಡುತ್ತಿದ್ದನು. ಹೊಗಳುವದಕ್ಕೋಸ್ಕರ ಬರೆದ ವಂಶವೃಕ್ಷಕ್ಕೂ ನಿಜವನ್ನು ಇಡುವದಕ್ಕೋಸ್ಕರ ಬರೆದ ವಂಶವೃಕ್ಷಕ್ಕೂ ಇರುವ ಭೇದ ಇದೇ ಎಂದು ನಮಗೆ ತೋರುತ್ತದೆ.

ಹೆಮ್ಮೆಯ ಭಯ ನಮಗೆ ಅಷ್ಟಿಲ್ಲ. ನಮ್ಮ ಹಳ್ಳಿಯ ಸಭೆಗಳಲ್ಲಿ ಅರಸರ ಮೊಮ್ಮಕ್ಕಳೆಂದು ಹೇಳಿಕೊಳ್ಳುವವರು ಕಡಿಮೆ. ನಮ್ಮ ರೋಗವು ನಾಚಿಕೆ. ಹಿರಿಯರು ಏನನ್ನೂ ಹೇಳದೆ ಸತ್ತರು. ಕೇಳಿದರೆ, ಅದೆಲ್ಲಾ ಯಾಕೆ ಮಗಾ, ಎಂದರು. ಅವರ ಮೌನವನ್ನು ನಾವು ಅಜ್ಞಾನವೆಂದು ತಿಳಿದೆವು, ಅದು ಅನೇಕವೇಳೆ ಪ್ರೀತಿಯಾಗಿತ್ತು. ತಾವು ಪಟ್ಟ ಅವಮಾನವು ಮಕ್ಕಳ ನಾಲಿಗೆಗೂ ತಗಲಬಾರದೆಂದು ಬಾಯಿ ಮುಚ್ಚಿಕೊಂಡರು. ಈ ಮೌನವನ್ನು ಒಡೆಯುವದಕ್ಕೆ ನಮಗೆ ಅಧಿಕಾರವುಂಟೋ? ಅವಮಾನಪಟ್ಟವನು ಬದುಕಿರುವಾಗ ಆ ವೃತ್ತಾಂತವು ಅವನದು. ಅವನು ಹೇಳಲೊಲ್ಲದ್ದನ್ನು ಮಗನಾದರೂ ಪೀಡಿಸಿ ತೆಗೆಯಬಾರದು. ಅವನು ಸತ್ತ ಮೇಲೆ ಅದು ಕುಟುಂಬದ್ದಾಗುತ್ತದೆ. ಆಗ ಅದನ್ನು ನಾಚಿಕೆಯೆಂದು ಮುಚ್ಚುವದು, ಅವನನ್ನು ಅವಮಾನಪಡಿಸಿದವರ ಪಕ್ಷವನ್ನು ಹಿಡಿದಂತೆ ಆಗುವದು. ನಮ್ಮಲ್ಲಿ ಕೆಲವರು ಈ ತೀರ್ಮಾನವನ್ನು ಒಪ್ಪುವದಿಲ್ಲವೆಂದು ಬಲ್ಲೆವು.

ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯು ನಮ್ಮ ಪರಿಚಯದ ಒಂದು ಕುಟುಂಬದಲ್ಲಿ ಎದ್ದಿತು. ನಾವು ಈ ಲೇಖನವನ್ನು ಬರೆಯುವದಕ್ಕೆ ಕಾರಣವೂ ಅದೇ.

ಧಾತು ಈಶ್ವರ ಸಂವತ್ಸರಗಳ ಬರವನ್ನು ಕೇಳದವರಿಲ್ಲ. 1876ರಿಂದ 1878ರ ವರೆಗೆ ಮೈಸೂರು ಸೀಮೆಯು ಪಟ್ಟ ಪಾಡನ್ನು ಎರಡು ಜನಗಣತಿಗಳ ಲೆಕ್ಕವೇ ಹೇಳುತ್ತದೆ: 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಜನರು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದರು. ಹತ್ತು ವರುಷಗಳಲ್ಲಿ ಹೆಚ್ಚಬೇಕಾದ ಸಂಖ್ಯೆಯು ಹೀಗೆ ಇಳಿಯಿತು. ದಾರಿಯಲ್ಲಿ ತಂದೆತಾಯಿಗಳನ್ನು ಕಳಕೊಂಡ ಮಕ್ಕಳಿಗೋಸ್ಕರ ವೆಸ್ಲಿಯನ್ ಮಿಷನಿನವರು ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯವನ್ನೂ ಹಾಸನದಲ್ಲಿ ಹೆಣ್ಣುಮಕ್ಕಳ ಅನಾಥಾಲಯವನ್ನೂ ನಡಿಸಿದರು. ನಾವು ಹೇಳುವ ಕುಟುಂಬದ ಮೂಲಪುರುಷನು ಆ ಹುಡುಗರಲ್ಲೊಬ್ಬನು. ಅವನ ದೀಕ್ಷಾಸ್ನಾನದ ದಾಖಲೆಯ ನಕಲನ್ನು ನಾವು ನೋಡಿದೆವು. ಹೊಸ ಹೆಸರು ಇದೆ, ತಾರೀಖು ಇದೆ, ವಯಸ್ಸು ಅಂದಾಜಾಗಿ ಎಂಟು ಎಂದಿದೆ. ತಂದೆಯ ಹೆಸರಿನ ಕಲಮಿನಲ್ಲಿ ಒಂದು ಗೆರೆ, ತಾಯಿಯ ಹೆಸರಿನ ಕಲಮಿನಲ್ಲಿ ಒಂದು ಗೆರೆ, ಊರಿನ ಕಲಮಿನಲ್ಲಿಯೂ ಗೆರೆ. ಗುಬ್ಬಿಯಲ್ಲಿ 1837ರ ಸುಮಾರಿಗೆ ನೆಲೆನಿಂತ ದೊರೆಗಳ ಹುಟ್ಟೂರು, ತಂದೆ, ಹೆಂಡತಿ ಎಲ್ಲಾ ಅಚ್ಚಾಗಿವೆ. ಅವರ ಸಭೆಗಳಲ್ಲಿ ಬೆಳೆದವನಿಗೆ ಮೂರು ಗೆರೆಗಳು.

ಆ ಕುಟುಂಬದ ಮೊಮ್ಮಕ್ಕಳು ವಿದ್ಯಾವಂತರು. ವಂಶದ ಪುಸ್ತಕವನ್ನು ಅಚ್ಚುಹಾಕಿಸಬೇಕೆಂದು ಹೊರಟರು. ಮೊದಲನೆಯ ಪುಟದಲ್ಲಿ ಮೂರು ಗೆರೆಗಳನ್ನು ಅಚ್ಚುಮಾಡಿಸುವದು ಚೆನ್ನಾಗಿ ಕಾಣದೆಂದು ಅವರಲ್ಲೊಬ್ಬನಿಗೆ ತೋರಿತು. ಆ ಹುಡುಗನು ದನ ಕಾಯುವವನ ಮಗನೆಂದೂ ಯಾವದೋ ಒಂದು ಕಾವಲಿನ ಕಡೆಯಿಂದ ಬಂದವನೆಂದೂ ಮನೆಯಲ್ಲಿ ಮಾತಿತ್ತು. ಹಾಗಾದರೆ ಅದು ಬಿದರೆಹಳ್ಳ ಕಾವಲೇ ಏಕಾಗಬಾರದು? ಹತ್ತಿರವಿದೆ, ಈಗ ಕಾರ್ಖಾನೆಯಿಂದ ಹೆಸರೂ ಬಂದಿದೆ. ತಂದೆಯ ಹೆಸರಿಗೆ ಆ ಕಾಲದ ಗೊಲ್ಲರಲ್ಲಿ ಸಾಧಾರಣವಾದ ಒಂದು ಹೆಸರನ್ನು ಹಾಕಿದರಾಯಿತು, ಯಾರಿಗೆ ನಷ್ಟ?

ಯಾರಿಗೆ ನಷ್ಟವೆಂಬ ಮಾತಿಗೆ ಉತ್ತರ ಕೊಡುವದು ಸುಲಭವಲ್ಲವೆಂದು ನಾವು ಒಪ್ಪುತ್ತೇವೆ. ಮೋಸಹೋಗುವ ನೆರೆಯವನಿಲ್ಲ, ಅಪಹರಿಸಿದ ಆಸ್ತಿಯಿಲ್ಲ. ಅಮೇರಿಕದಲ್ಲಿ ಅಲೆಕ್ಸ್ ಹೇಲಿ ಎಂಬ ಗ್ರಂಥಕರ್ತನು ಗುಲಾಮನಾಗಿ ಒಯ್ಯಲ್ಪಟ್ಟ ತನ್ನ ಪೂರ್ವಿಕನನ್ನು ಹುಡುಕುತ್ತಾ ಆಫ್ರಿಕದ ಗ್ಯಾಂಬಿಯಾ ದೇಶದ ಒಂದು ಹಳ್ಳಿಗೆ ಹೋದನು. ಅಲ್ಲಿ ನಮ್ಮ ಹೆಳವರಂತೆ ವಂಶವನ್ನು ಹೇಳುವ ಗ್ರಿಯೋ ಎಂಬವರಲ್ಲೊಬ್ಬನಿಂದ ಆ ಪೂರ್ವಿಕನ ಹೆಸರನ್ನು ಕೇಳಿದೆನೆಂದು 1976ರಲ್ಲಿ ಪ್ರಕಟವಾದ ‘ರೂಟ್ಸ್’ ಎಂಬ ಪುಸ್ತಕದಲ್ಲಿ ಬರೆದನು. ಲಕ್ಷಾಂತರ ಜನರು ಅದನ್ನು ಓದಿ ಅತ್ತರು, ತಮ್ಮ ತಮ್ಮ ಹಿರಿಯರನ್ನು ಹುಡುಕಲಾರಂಭಿಸಿದರು. ತರುವಾಯ ದಾಖಲೆಗಳನ್ನು ಪರೀಕ್ಷಿಸಿದ ವಿದ್ವಾಂಸರಿಗೆ ಆ ಸಂಬಂಧವು ರುಜುವಾತಾಗಲಿಲ್ಲ. ಪುಸ್ತಕದಿಂದಾದ ಉಪಕಾರವು ದೊಡ್ಡದು, ಅದನ್ನು ಅಲ್ಲಗಳೆಯಲಾರೆವು. ಆದರೂ ಆ ಸಂದೇಹವು ಹುಟ್ಟಿದ ಮೇಲೆ, ಕಳವಾದ ಜನರ ನಿಜವಾದ ನಷ್ಟವನ್ನೂ ಕಥೆಯೆಂದು ತಳ್ಳಿಹಾಕುವವರಿಗೆ ಒಂದು ನೆಪ ದೊರಕಿತು.

ಈ ಕುಟುಂಬದಲ್ಲಿಯೂ ಹಾಗೆಯೇ. ಆ ಮೂರು ಗೆರೆಗಳು ಬರವು ಮಾಡಿದ ಕೆಲಸದ ಸಾಕ್ಷಿ. ಗೆರೆಯ ಮೇಲೆ ಸುಳ್ಳು ಹೆಸರನ್ನು ಬರೆದರೆ, ಎಂಟು ವರುಷದ ಮಗುವಿಗೆ ತನ್ನ ತಾಯಿಯ ಹೆಸರೂ ಮರೆಯುವಷ್ಟು ಹಸಿವಾಗಿತ್ತೆಂಬ ಸಂಗತಿಯನ್ನು ಅಳಿಸಿದಂತಾಯಿತು. ಇದಲ್ಲದೆ, ಸತ್ತ ಆ ತಾಯಿಗೆ ಒಂದು ಹೆಸರು ಇದ್ದೇ ಇತ್ತು. ಅದು ನಮಗೆ ತಿಳಿಯದು, ಆದರೆ ನಾವು ಕೊಡುವ ಹೆಸರು ಅವಳದಲ್ಲವೆಂಬದು ತಿಳಿದಿದೆ. ಅವಳ ಸ್ಥಳದಲ್ಲಿ ಇನ್ನೊಬ್ಬಳನ್ನು ಕೂರಿಸುವ ಹಕ್ಕು ಮೊಮ್ಮಕ್ಕಳಿಗಿಲ್ಲ.

ಆದರೆ ಗೆರೆಯನ್ನು ಗೆರೆಯಾಗಿಯೇ ಬಿಡುವವನು ಮೊದಲು ಹುಡುಕಿರಬೇಕು. ಹುಡುಕದೆ ಬಿಡುವದು ಸತ್ಯಸಂಧತೆಯಲ್ಲ, ಸೋಮಾರಿತನ. ಸಭೆಯ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ತೆರೆದು ನೋಡಿರಿ. ದೊಡ್ಡವನಾದ ಮೇಲೆ ದೀಕ್ಷಾಸ್ನಾನ ಹೊಂದಿದವನ ಸಾಲಿನಲ್ಲಿ ಅವನ ಹಳೆಯ ಹೆಸರೂ ತಂದೆಯ ಹೆಸರೂ ಇದ್ದರೆ ಅದೇ ಹಳೆಯ ಮನೆಗೆ ಸೇತುವೆ. 1872ರ ವಿವಾಹ ಕಾಯಿದೆಯ ಪ್ರಕಾರ ಬರೆದ ದಾಖಲೆಗಳಲ್ಲಿ ವಧೂವರರ ತಂದೆಗಳ ಹೆಸರುಗಳಿರುತ್ತವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಷನುಗಳ ಹಳೆಯ ಕಾಗದಪತ್ರಗಳನ್ನು ಕೂಡಿಸಿ ಇಟ್ಟಿದ್ದಾರೆ. ಕರಾವಳಿಯ ಬಾಸೆಲ್ ಮಿಷನಿನ ಕುಟುಂಬದವರಿಗೆ ಮಂಗಳೂರಿನ ಬಲ್ಮಠದಲ್ಲಿ ಅಂಥ ಭಂಡಾರವಿದೆ. ಜಮೀನಿದ್ದವರು ಪಹಣಿಯ ಹಿಂದಿನ ಕಾಗದಗಳನ್ನು ನೋಡಬಹುದು. ಹೆಳವನು ಇನ್ನೂ ಬರುವ ಊರಿನಲ್ಲಿ, ನಿಮ್ಮ ಹಳೆಯ ಬೆಡಗು ತಿಳಿದಿದ್ದರೆ, ಅವನನ್ನು ಕರೆದು ಕೂರಿಸಿ ಕೇಳಿರಿ. ಅವನ ಕಾಳನ್ನು ಕೊಟ್ಟು ಕಳುಹಿಸಿರಿ.

ಎಲ್ಲಕ್ಕಿಂತ ಮೊದಲು ಮುದುಕಿಯರನ್ನು ಕೇಳಿರಿ. ದಾಖಲೆಗಳಲ್ಲಿ ಗಂಡಸರ ಸಾಲು ಉದ್ದ, ಹೆಂಗಸರು ಇಂಥವನ ಹೆಂಡತಿ ಎಂಬಲ್ಲಿಗೆ ಮುಗಿಯುವರು. ಆದರೆ ಯಾವ ಸೊಸೆ ಯಾವ ಊರಿನಿಂದ ಬಂದಳು, ಯಾರ ಹೆರಿಗೆಗೆ ಯಾರು ಬಂದರು, ಯಾವ ಮಗು ಹೆಸರಿಡುವ ಮೊದಲೇ ಹೋಯಿತು ಎಂಬದು ಅವರಿಗೇ ಗೊತ್ತು. ಅವರ ಮುಂದೆ ಕಾಗದ ಪೆನ್ಸಿಲನ್ನು ಹಿಡಿದು ಕುಳಿತರೆ ಮಾತು ನಿಂತುಹೋಗುವದು. ಅವರೆಕಾಯಿ ಸುಲಿಯುವಾಗ ಜೊತೆಗೆ ಕುಳಿತು ನೀವೂ ಸುಲಿಯಿರಿ.

ಆ ಕುಟುಂಬದಲ್ಲಿ ಹಾಗೆ ಕೇಳಿದವಳು ಒಬ್ಬ ಹುಡುಗಿ. ಅವಳ ಅಜ್ಜಿಗೆ ಈಗ ತೊಂಭತ್ತಕ್ಕೆ ಹತ್ತಿರ. ಅನಾಥಾಲಯದಲ್ಲಿ ಬೆಳೆದ ಆ ತಾತನ ಮೊಮ್ಮಗಳು, ಚಿಕ್ಕವಳಾಗಿದ್ದಾಗ ಅವನ ಕಾಲು ಒತ್ತಿದವಳು. ಅಜ್ಜಿ ಹೇಳಿದ್ದು ಇಷ್ಟು: ತಾತನಿಗೆ ತಂದೆಯ ಮುಖ ನೆನಪಿರಲಿಲ್ಲ, ಊರು ನೆನಪಿರಲಿಲ್ಲ. ಆದರೆ ತನ್ನ ತಂದೆ ದನಗಳನ್ನು ಕರೆಯುತ್ತಿದ್ದ ಕೂಗು ಅವನಿಗೆ ನೆನಪಿತ್ತು. ಸಾಯಂಕಾಲ ಜಗಲಿಯ ಮೇಲೆ ಕುಳಿತು ಮೊಮ್ಮಕ್ಕಳನ್ನು ಊಟಕ್ಕೆ ಕರೆಯುವಾಗ ಅದೇ ಕೂಗನ್ನು ಹಾಕುತ್ತಿದ್ದನು. ಅಜ್ಜಿ ಅದನ್ನು ಕೂಗಿ ತೋರಿಸಿದಳು. ಮೊಮ್ಮಗಳು ಅದನ್ನು ತನ್ನ ಫೋನಿನಲ್ಲಿ ಹಿಡಿದಿಟ್ಟಳು.

ಪುಸ್ತಕವು ಅಚ್ಚಾಗಿದೆ. ಮೊದಲನೆಯ ಪುಟದಲ್ಲಿ ಮೂರು ಗೆರೆಗಳು ಹಾಗೆಯೇ ಇವೆ. ಅವುಗಳ ಕೆಳಗೆ, ಒಂದು ಕಾವಲಿನ ಕಡೆಯಿಂದ ಬಂದವನು, ಯಾವ ಕಾವಲೆಂದು ತಿಳಿಯದು ಎಂದು ಬರೆದು, ಆ ಕೂಗನ್ನು ಕನ್ನಡದ ಅಕ್ಷರಗಳಲ್ಲಿ ಕೂಡಿದಮಟ್ಟಿಗೆ ಬರೆದಿದ್ದಾರೆ. ಅಕ್ಷರ ಸರಿಯಾಗಲಿಲ್ಲವೆಂದು ಅಜ್ಜಿಯ ಆಕ್ಷೇಪಣೆ.