ಎರಡನೆಯ ನೋಟ

ತೆಗೆದ ಚಿತ್ರಗಳನ್ನು ಕುಳಿತು ವಿಂಗಡಿಸುವುದು ವ್ಯರ್ಥ ಕಾಲಕ್ಷೇಪವೆಂಬ ಅಭಿಮತ ಈಗ ಎಲ್ಲೆಡೆಯೂ ಕೇಳಿಬರುತ್ತಿದೆಯಾದರೂ, ಬಂಡೀಪುರದ ಕಾಡಂಚಿನಲ್ಲಿ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ತಿರುಗಿದ ಗುಂಡ್ಲುಪೇಟೆಯ ನನ್ನ ಮಿತ್ರರೂ ಅದನ್ನೇ ನುಡಿದಾಗ ಉಂಟಾದ ಅಸಮಾಧಾನ ಇನ್ನೂ ಶಮನವಾಗಿಲ್ಲ. “ಯಾಕ್ ಸಾರ್ ಅಷ್ಟು ಒದ್ದಾಡ್ತೀರಿ? ಎಲ್ಲಾನೂ ಹಾರ್ಡ್‌ಡಿಸ್ಕಿಗೆ ತುಂಬಿಬಿಡಿ. ಹುಲಿ ಅಂತ ಹುಡುಕಿದ್ರೆ ಹುಲಿ ಬರ್ತದೆ, ಮಗಳ ಮುಖ ತೋರಿಸಿದ್ರೆ ಮಗಳ ಫೋಟೋನೆಲ್ಲ ಅದೇ ತೆಕ್ಕೊಡ್ತದೆ” ಎಂದರು. ಬಿಂಬವು ಸತ್ಯದ ನೆರಳು ಮಾತ್ರವೆಂದ ಪ್ಲೇಟೋವಾಗಲಿ, ನಾಮರೂಪಗಳೆಲ್ಲ ಮಿಥ್ಯೆಯೆಂದ ನಮ್ಮ ವೇದಾಂತಿಗಳಾಗಲಿ ಚಿತ್ರಗಳ ರಾಶಿಯೆದುರು ಕುಳಿತವನಿಗೆ ನೆರವಾಗಲಾರರು. ನಾನು ವಾದಿಸಬೇಕಾದುದು ಮಿತ್ರರೊಡನೆಯೇ.

ಛಾಯಾಗ್ರಹಣದಲ್ಲಿ ಮೊದಲ ನೋಟ ಬಹುಮಟ್ಟಿಗೆ ಕೈಯ ಚಾಪಲ್ಯ, ನಿಜವಾದ ದರ್ಶನ ವಿಂಗಡಿಸುವಾಗ ಒದಗತಕ್ಕದ್ದು ಎಂಬುದು ನನ್ನ ಪಕ್ಷ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೆದ್ದಾರಿಯ ಇಕ್ಕೆಲದಲ್ಲಿ ಸೂರ್ಯಕಾಂತಿ ಅರಳಿದಾಗ, ಊಟಿಗೆ ಹೋಗುವವರೆಲ್ಲ ಗಾಡಿ ನಿಲ್ಲಿಸಿ ತೆಗೆಯುವಂತೆ, ನಾನೂ ಒಂದೇ ಹೊಲವನ್ನು ಹತ್ತಾರು ಬಾರಿ ತೆಗೆಯುವುದುಂಟು. ಸಂಜೆ ಚಾಮರಾಜನಗರದ ಮನೆಯಲ್ಲಿ ಅವನ್ನು ಚಿತ್ರವೀಕ್ಷಣೆಯ ತಂತ್ರಾಂಶದಲ್ಲಿ ತೆರೆದು (ಕ್ಯಾಮೆರಾದ ಕಚ್ಚಾ ದತ್ತಾಂಶವಾದ ರಾ ಫೈಲಿನೊಳಗೇ ಇರುವ ಜೆಪೆಗ್ ಪ್ರತಿಯನ್ನು ಅದು ತೋರಿಸುವುದರಿಂದ ಕಾಯುವ ಪ್ರಮೇಯವಿಲ್ಲ), ಎರಡೆರಡನ್ನು ಅಕ್ಕಪಕ್ಕವಿಟ್ಟು, ನಕ್ಷತ್ರದ ಗುರುತು ಕೊಟ್ಟು, ಬೇಡವಾದವನ್ನು ಅಳಿಸಿ, ತೆಗೆದ ದಿನ ಗಂಟೆಗಳಿಂದಲೇ ಎಲ್ಲಕ್ಕೂ ಒಮ್ಮೆಗೇ ಹೆಸರಿಟ್ಟು, ಊರಿನ ಹೆಸರನ್ನೂ ಬೆಳೆಯ ಹೆಸರನ್ನೂ ಫೈಲಿನೊಳಗೇ ಬರೆದು ಮುಗಿಸುವ ಹೊತ್ತಿಗೆ, ಹೂಗಳ ಹಿಂದೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಮೊದಲ ಬಾರಿಗೆ ನನ್ನ ಕಣ್ಣಿಗೆ ಬೀಳುತ್ತಾಳೆ. ಸೂರ್ಯಕಾಂತಿಯೆಂದು ಹುಡುಕಿದವನಿಗೆ ಅವಳು ಎದುರಾದರೂ ಕಾಣುವುದೆಂತು? ಏನನ್ನು ಕೇಳಬೇಕೆಂದೇ ಅರಿಯದವನಿಗೆ ಯಂತ್ರ ಉತ್ತರ ಕೊಡಲಾರದು. ಯಂತ್ರದ ಸ್ಮೃತಿಯಾದರೂ ಶಾಶ್ವತವೇ? ಚಿತ್ರಗಳನ್ನು ವಿಂಗಡಿಸುವ ತನ್ನ ಪಿಕಾಸಾ ತಂತ್ರಾಂಶವನ್ನು ಗೂಗಲ್ 2016ರಲ್ಲಿ ನಿಲ್ಲಿಸಿಬಿಟ್ಟಿತು. ಫೈಲಿನಲ್ಲಿ ಬರೆಯದೆ ತಂತ್ರಾಂಶದ ಖಾತೆಯಲ್ಲಷ್ಟೇ ಇರಿಸಿದ ಗುರುತುಗಳು ದಿಕ್ಕಿಲ್ಲದಾದುವು.

ಮಿತ್ರರು ಸುಲಭವಾಗಿ ಮಣಿಯುವವರಲ್ಲ. ಹುಲಿ ಯೋಜನೆಗೆ 1973ರಲ್ಲಿ ಆಯ್ದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದಷ್ಟೆ. ಅದನ್ನೂ ಒಳಗೊಂಡ 2018ರ ರಾಷ್ಟ್ರೀಯ ಹುಲಿಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಕಟ್ಟಿ ಪಡೆದ ಚಿತ್ರಗಳು 3,48,58,623, ಅವುಗಳಲ್ಲಿ ಹುಲಿಯಿದ್ದವು 76,651. ಇಷ್ಟನ್ನು ಯಾವ ಮನುಷ್ಯ ಕುಳಿತು ನೋಡಿಯಾನು? ಪ್ರಾಣಿಗಳನ್ನು ಬೇರ್ಪಡಿಸಲೂ ಪಟ್ಟೆಗೆ ಪಟ್ಟೆ ಹೋಲಿಸಲೂ ತಂತ್ರಾಂಶವೇ ಬೇಕಾಯಿತು ಎಂಬುದು ಅವರ ವಾದ. ನಿಜ, ಅದನ್ನು ಅಂಗೀಕರಿಸುತ್ತೇನೆ. ಆದರೆ ಅಲ್ಲಿ ಪ್ರಶ್ನೆ ಮೊದಲೇ ನಿಶ್ಚಿತವಾಗಿತ್ತು. ಒಂದು ಹುಲಿಯ ಪಟ್ಟೆ ಇನ್ನೊಂದರದನ್ನು ಹೋಲದು, ಅದೇ ಹುಲಿಯ ಎಡಮಗ್ಗುಲು ಬಲಮಗ್ಗುಲನ್ನೂ ಹೋಲದು ಎಂಬುದನ್ನು ಬಲ್ಲವರು ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿದರು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಈ ಕ್ರಮದಿಂದ ಹುಲಿಗಳನ್ನು ಎಣಿಸಿದಾಗ, ನಾನು ಮನೆಗೆ ಬಂದಮೇಲೆ ಮಾಡುವ ವಿವೇಚನೆಯನ್ನು ಚಿತ್ರ ಹುಟ್ಟುವ ಮುನ್ನವೇ ಮಾಡಿ ಮುಗಿಸಿದ್ದರು.

ಮಿತ್ರರ ಕಡೆಯ ಆಕ್ಷೇಪಕ್ಕೆ ಮಾತ್ರ ಇಂತಹ ಸಮಾಧಾನ ನನ್ನಲ್ಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ನಮ್ಮ ಚಾಮರಾಜನಗರದಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ, ಆಷಾಢದಲ್ಲಿ ನವದಂಪತಿಗಳು ಹಣ್ಣು ಜವನ ಎಸೆಯಲು ನೆರೆಯುವ ತೇರು, 2017ರಲ್ಲಿ ಬೆಂಕಿಗೆ ಸಿಕ್ಕಿ ಹಾನಿಗೊಂಡಿತು. ಹೊಸ ರಥ ಬೀದಿಗಿಳಿದದ್ದು 2022ರಲ್ಲಿ. ಹಳೆಯ ತೇರನ್ನು ನಾನು ತೆಗೆದ ಚಿತ್ರಗಳಲ್ಲಿ ಅದುರಿದವು, ಯಾರದೋ ತಲೆ ಅಡ್ಡಬಂದವು, ಗಾಲಿ ಮಾತ್ರ ಸಿಕ್ಕಿದವು ಅನೇಕ. ಒಂದು ನಕ್ಷತ್ರಕ್ಕೂ ಅರ್ಹವಲ್ಲದೆ, ಹೇಗೋ ಅಳಿಸದೆ ಉಳಿದಿದ್ದ ಅವು, ಬೆಂಕಿಯ ಮರುದಿನದಿಂದ, ಆ ಮರದ ಕೆತ್ತನೆಗೆ ಉಳಿದ ಸಾಕ್ಷಿಗಳಾದುವು. ಆಯುವವನಿಗೆ ಇರುವುದು ಇಂದಿನ ಕಣ್ಣು; ಚಿತ್ರದ ಮೌಲ್ಯವನ್ನು ನಾಳಿನ ನಷ್ಟ ನಿರ್ಣಯಿಸುವುದಾದರೆ, ಅಳಿಸುವ ಅಧಿಕಾರ ಅವನಿಗೆ ಬಂದುದೆಲ್ಲಿಂದ?

ಆ ಚಿತ್ರಗಳು ಕೈಗೆ ಸಿಕ್ಕಿದ್ದು ವರ್ಷವನ್ನೂ ಉತ್ಸವವನ್ನೂ ಬರೆದಿಟ್ಟ ಫೋಲ್ಡರಿನಿಂದಲೇ, ಬರಿಯ ಗಾಲಿಯನ್ನು ಚಾಮರಾಜೇಶ್ವರನ ತೇರೆಂದು ಯಂತ್ರ ಗುರುತಿಸುತ್ತಿರಲಿಲ್ಲ ಎಂದು ನಾನು ಹೇಳಬಲ್ಲೆ. ಆದರೆ ಅದು ಹೆಸರಿಡುವುದಕ್ಕೆ ಸಮರ್ಥನೆಯಾಯಿತೇ ಹೊರತು ತ್ಯಜಿಸುವುದಕ್ಕಲ್ಲ. ಒಂದೇ ಎಂದು ಭಾವಿಸಿ ವಾದಕ್ಕಿಳಿದ ಆ ಎರಡು ಕಾರ್ಯಗಳು ಈಗ ಬೇರೆಬೇರೆಯಾಗಿ ನಿಂತಿವೆ. ಮೊದಲನೆಯದನ್ನು ಬಿಡಲಾರೆ. ಎರಡನೆಯದನ್ನು ಬಿಟ್ಟರೂ ತೊಡಕು ತಪ್ಪದು: ಹಲವುಗಳಲ್ಲಿ ಒಂದನ್ನೇ ಉಳಿಸಬೇಕೆಂಬ ನಿರ್ಬಂಧವಿದ್ದುದರಿಂದಲ್ಲವೇ ನಾನು ಅಕ್ಕಪಕ್ಕವಿಟ್ಟು ಅಷ್ಟು ಹೊತ್ತು ನೋಡಿದ್ದು? ಆ ನಿರ್ಬಂಧ ತೊಲಗಿದ ಮೇಲೂ ದೃಷ್ಟಿ ಅಷ್ಟೇ ತೀಕ್ಷ್ಣವಾಗಿ ಉಳಿದೀತೆನ್ನಲು ನನಗೆ ಆಧಾರ ದೊರೆತಿಲ್ಲ. ಆದರೂ ಹೊಸ ತೇರಿನ ಚಿತ್ರಗಳಲ್ಲಿ ಒಂದನ್ನೂ ಅಳಿಸಿಲ್ಲ.