ಬೆಟ್ಟಕ್ಕೆ ಯಾವ ದಿನ ಹೋಗಬೇಕು?



ಪರೀಕ್ಷೆ ಮುಗಿದು ಬಿಸಿಲು ಏರಿತೆಂದರೆ ಕುನ್ನತ್ತೂರಿನ ನಮ್ಮ ಮನೆಗಳಲ್ಲಿ ಒಂದೇ ಮಾತು: ಊಟಿಗೆ ಯಾವಾಗ? ಮೆಟ್ಟುಪಾಳಯಂ ದಾಟಿ ಘಾಟಿ ಹತ್ತಿದರೆ ತಂಪು. ಈ ಆಸೆ ತಪ್ಪಲ್ಲ. ದಣಿದು ಬಂದ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ಕರೆದು ವಿಶ್ರಮಿಸಿರೆಂದು ಹೇಳಿದವರು ಯೇಸುಸ್ವಾಮಿಯೇ (ಮಾರ್ಕ 6:31).

ಆದರೆ ಈಗ ಬೆಟ್ಟಕ್ಕೆ ಹೋಗುವವರಿಗೆ ಲೆಕ್ಕ ಬಂದಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕನಾಲಿಗೂ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕಾಯಿತು. 2025ರ ಬೇಸಿಗೆಗೆ ನ್ಯಾಯಾಲಯ ಮಿತಿಯನ್ನೂ ಹಾಕಿತು: ನೀಲಗಿರಿಗೆ ವಾರದ ದಿನಗಳಲ್ಲಿ 6,000 ವಾಹನ, ಶನಿವಾರ-ಭಾನುವಾರ 8,000. ಸರ್ಕಾರಿ ಬಸ್ಸುಗಳಿಗೆ ಈ ಮಿತಿ ಇರಲಿಲ್ಲ.

“ನಮ್ಮದೊಂದು ಕಾರು ಹೋದರೆ ಬೆಟ್ಟ ಕುಸಿಯುತ್ತದೆಯೇ?” ಎಂದು ಕೇಳುವವರಿದ್ದಾರೆ. ಎಂಟು ಸಾವಿರ ಕಾರಿನವರೂ ಇದೇ ಮಾತನ್ನು ಹೇಳಬಹುದು. ಸೊನ್ನೆಗಳನ್ನು ಎಷ್ಟು ಕೂಡಿಸಿದರೂ ಸೊನ್ನೆಯೇ. ರಸ್ತೆ ತುಂಬಿ ನಿಂತಿದೆಯೆಂದರೆ ನಮ್ಮ ಪಾಲು ಸೊನ್ನೆಯಲ್ಲ, ಚಿಕ್ಕದು ಅಷ್ಟೆ. ಚಿಕ್ಕ ಪಾಲಿಗೂ ಹೊಣೆಯುಂಟು.

ಹಾಗಾದರೆ ಪಾಸ್ ಸಿಕ್ಕಿದ ಮೇಲೆ ಹೊಣೆ ತೀರಿತೇ? ಕಾನೂನಿನ ಮುಂದೆ ತೀರಿತು. ವಿಮೋಚನಾಕಾಂಡ 23:12 ಇನ್ನೂ ಮುಂದಕ್ಕೆ ಹೋಗುತ್ತದೆ. ಏಳನೆಯ ದಿನದ ವಿಶ್ರಾಂತಿ ಯಜಮಾನನೊಬ್ಬನಿಗಲ್ಲ. ಎತ್ತು, ಕತ್ತೆ, ದಾಸಿಯ ಮಗ, ಪರದೇಶಿ ಎಲ್ಲರಿಗೂ. ವಿಶ್ವಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಈ ವಚನವನ್ನೇ ನೆನಪಿಸಿದ್ದಾರೆ. ಯಾಜಕಕಾಂಡ 25 ಭೂಮಿಗೂ ಬಿಡುವು ಕೊಡುತ್ತದೆ. ಇನ್ನೊಬ್ಬರ ಬಿಡುವನ್ನು ಕಿತ್ತುಕೊಂಡು ನಾವು ಪಡೆಯುವ ಬಿಡುವು ದೇವರು ಹೇಳಿದ ವಿಶ್ರಾಂತಿಯಲ್ಲ.

“ಪ್ರವಾಸಿಗರನ್ನು ನಂಬಿ ಬದುಕುವವರ ಗತಿಯೇನು?” ಎಂಬ ಮಾತೂ ನ್ಯಾಯವಾದದ್ದೇ. ಕ್ಯಾರೆಟ್ ಮಾರುವವರಿಗೆ, ಚಹಾ ಅಂಗಡಿಯವರಿಗೆ, ಲಾಡ್ಜ್ ಗುಡಿಸುವವರಿಗೆ ನಾವು ಬೇಕು. ಆದ್ದರಿಂದ ಹೋಗಬೇಡಿ ಎನ್ನುತ್ತಿಲ್ಲ. ಆದರೆ ಎರಡೇ ದಿನ ನೂಕುನುಗ್ಗಲಾಗಿ, ಉಳಿದ ದಿನ ಅಂಗಡಿ ಖಾಲಿ ಬಿದ್ದರೆ ಅವರಿಗೂ ಒಳಿತಿಲ್ಲ.

ಇನ್ನೊಂದು ವಿಷಯ ನಮಗೆ ಹತ್ತಿರದ್ದು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ಎಷ್ಟೋ ಕುಟುಂಬಗಳಿಗೆ ಸಿಗುವುದು ಭಾನುವಾರವೊಂದೇ. ಕಾಲೇಜಿಗೆ ರಜೆಯಿರುವ ನಾವು ಮಂಗಳವಾರವೂ ಹೋಗಬಹುದು. ಭಾನುವಾರದ ಎಂಟು ಸಾವಿರದಲ್ಲಿ ನಾವೂ ಒಂದು ಜಾಗ ಹಿಡಿದರೆ, ಬೇರೆ ದಿನವೇ ಇಲ್ಲದವರ ಜಾಗ ಹಿಡಿದಂತಾಗುತ್ತದೆ.

ಬೆಟ್ಟ ನಮಗೆ ನೋಟ ಮಾತ್ರವಲ್ಲ, ನೀರೂ ಹೌದು. ನೀಲಗಿರಿಯಿಂದ ಇಳಿಯುವ ಮೋಯಾರ್ ಭವಾನಿಸಾಗರದಲ್ಲಿ ಭವಾನಿಯನ್ನು ಸೇರುತ್ತದೆ. 2024ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಅತ್ತಿಕಡವು-ಅವಿನಾಶಿ ಯೋಜನೆ ಭವಾನಿಯ ಹೆಚ್ಚುವರಿ ನೀರನ್ನೇ ಈರೋಡ್, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ ಕೆರೆಕುಂಟೆಗಳಿಗೆ ತರುತ್ತದೆ. ಅಲ್ಲಿ ಎಸೆದ ಕಸ ಹಳ್ಳ ಸೇರಿದರೆ ನಮ್ಮ ಕಡೆಗೇ ಬರುವ ನೀರು ಕೆಡುತ್ತದೆ.

ಆದ್ದರಿಂದ ನಮ್ಮ ಧರ್ಮಕೇಂದ್ರದ ಯುವಜನರಲ್ಲಿ ನನ್ನ ವಿನಂತಿ: ಈ ಸಲದ ಪ್ರವಾಸ ವಾರದ ನಡುವೆ ಇರಲಿ. ಮೆಟ್ಟುಪಾಳಯಂನಿಂದ ಸರ್ಕಾರಿ ಬಸ್ ಹತ್ತೋಣ. ಮನೆಯಿಂದ ಸ್ಟೀಲ್ ಬಾಟಲಿ ಒಯ್ಯೋಣ. ನಮ್ಮ ಕಸವನ್ನು ಚೀಲದಲ್ಲೇ ಕೆಳಗೆ ತರೋಣ. ಭಾನುವಾರ ಎಂದಿನಂತೆ ಬಲಿಪೂಜೆಗೆ ಎಲ್ಲರೂ ಇಲ್ಲೇ ಸೇರೋಣ.